ಜೋಪಡಿ ತೆರವು: ಗೋಕಾಕದಿಂದ ಬೆಂಗಳೂರಿನವರೆಗೆ

ಜೋಪಡಿ ತೆರವು: ರಸ್ತೆಬದಿ, ಹಳ್ಳದ ದಂಡೆ, ಗೈರಾಣ, ರೈಲ್ವೆ ಜಾಗ ಅಥವಾ ಖಾಸಗಿಯವರ ಖಾಲಿ ನಿವೇಶನದಲ್ಲಿ ತಾಡಪತ್ರಿ, ತಗಡು, ಬಿದಿರು ಹಾಕಿ ಕಟ್ಟಿಕೊಂಡ ಬಿಡಾರಗಳನ್ನು ಆಡಳಿತ ಕಿತ್ತುಹಾಕಿ, ಅಲ್ಲಿದ್ದವರನ್ನು ಎಬ್ಬಿಸುವ ಕ್ರಮ. ಕಾರ್ಯಾಚರಣೆ ಮುಗಿದ ಸಂಜೆ ಹೊರಬರುವ ಪತ್ರಿಕಾ ಪ್ರಕಟಣೆಯಲ್ಲಿ ಇಷ್ಟು ಎಕರೆ ಇಷ್ಟು ಗುಂಟೆ ವಶಕ್ಕೆ ಬಂತು, ಅದರ ಬೆಲೆ ಇಷ್ಟು ಕೋಟಿ ಎಂದಿರುತ್ತದೆ. ಅಂದು ರಾತ್ರಿ ಎಷ್ಟು ಜನ ಎಲ್ಲಿ ಮಲಗಿದರು ಎನ್ನುವುದಕ್ಕೆ ಅದರಲ್ಲಿ ಕಲಮೇ ಇರುವುದಿಲ್ಲ. ಈ ಲೇಖನದ ವಿಷಯ ಆ ಬಿಟ್ಟುಹೋದ ಲೆಕ್ಕ.

2011ರ ಜನಗಣತಿಯಲ್ಲಿ ಮನೆಯಿಲ್ಲದವರನ್ನು ಎಣಿಸಿದ್ದು ಫೆಬ್ರವರಿ 28ರ ಒಂದೇ ರಾತ್ರಿ. ದೇಶದಲ್ಲಿ 17.7 ಲಕ್ಷ, ಕರ್ನಾಟಕದಲ್ಲಿ ಸುಮಾರು 76 ಸಾವಿರ ಜನ ಆ ಲೆಕ್ಕಕ್ಕೆ ಸಿಕ್ಕರು. ಬಸ್ ನಿಲ್ದಾಣದ ಕಟ್ಟೆ, ಸೇತುವೆಯ ಕೆಳಗು, ಗುಡಿಯ ಪೌಳಿ, ದೊಡ್ಡ ಕೊಳವೆಯ ಒಳಗು ಇವೆಲ್ಲ ಗಣತಿದಾರರು ಹುಡುಕಿದ ಜಾಗಗಳು. ಒಂದು ರಾತ್ರಿಯಲ್ಲಿ ಎಣಿಸಿದ್ದು ಪೂರ್ತಿ ಎಂದು ಆಗಲೂ ಯಾರೂ ನಂಬಿರಲಿಲ್ಲ. ಶೆಡ್ಡು, ಟೆಂಟುಗಳಲ್ಲಿ ಇರುವವರ ಸ್ಥಿತಿ ಇನ್ನೂ ಸಂದಿಗ್ಧ. ಅವರು ಕೆಲವು ಪಟ್ಟಿಗಳಲ್ಲಿ ಕೊಳೆಗೇರಿಯವರು, ಕೆಲವದರಲ್ಲಿ ವಲಸೆ ಕಾರ್ಮಿಕರು, ಜೆಸಿಬಿ ಬಂದ ದಿನ ಒತ್ತುವರಿದಾರರು.

ಬೇಲಿಯ ಒಳಗೆ ಕೂಡಿದ ಕಾಲ

ಬೆಳಗಾವಿ, ವಿಜಯಪುರ, ಧಾರವಾಡ ಸೀಮೆಯಲ್ಲಿ ಈ ಕಥೆ ಶುರುವಾಗುವುದು ಹೊರಗಟ್ಟುವುದರಿಂದಲ್ಲ, ಒಳಗೆ ಕೂಡಿಹಾಕುವುದರಿಂದ. 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ 1911ರ ತಿದ್ದುಪಡಿಯ ನಂತರ ಮುಂಬಯಿ ಪ್ರಾಂತಕ್ಕೂ ಹಬ್ಬಿತು. ಊರೂರು ತಿರುಗಿ ಬಿಡಾರ ಹೂಡುತ್ತಿದ್ದ ಕೊರವರು, ಹರಣಶಿಕಾರಿಗಳು, ಗಂಟಿಚೋರರೆಂದು ಸರ್ಕಾರ ಹೆಸರಿಟ್ಟ ಸಮುದಾಯದವರು ಹುಟ್ಟಿನಿಂದಲೇ ಅಪರಾಧಿಗಳೆಂದು ದಾಖಲಾದರು. ವಿಜಯಪುರದಲ್ಲಿ ಅಧಿಕಾರಿಯಾಗಿದ್ದ ಒ. ಎಚ್. ಬಿ. ಸ್ಟಾರ್ಟ್ ಅವರ ಮುಂದಾಳತ್ವದಲ್ಲಿ ವಿಜಯಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳಲ್ಲಿ ತಂತಿಬೇಲಿಯ 'ಸೆಟ್ಲಮೆಂಟ್'ಗಳು ಎದ್ದವು. ಒಳಗಿದ್ದವರು ಹೊತ್ತುಹೊತ್ತಿಗೆ ಹಾಜರಿ ಹಾಕಬೇಕು, ಹೊರಗೆ ಹೋಗಲು ಪಾಸು ಬೇಕು. ಹುಬ್ಬಳ್ಳಿ, ಗದಗಗಳಲ್ಲಿ ಆ ಬಡಾವಣೆಗಳನ್ನು ಜನ ಇಂದಿಗೂ ಸೆಟ್ಲಮೆಂಟ್ ಎಂದೇ ಕರೆಯುತ್ತಾರೆ.

ಗೋಕಾಕ ಫಾಲ್ಸ್‌ನಲ್ಲೂ ಅಂಥದೊಂದು ಸೆಟ್ಲಮೆಂಟ್ ಇತ್ತು. 1885ರಲ್ಲಿ ಕಂಪನಿಯಾಗಿ ನೋಂದಣಿಯಾಗಿ, ಘಟಪ್ರಭೆಯ ಜಲಪಾತದ ಬಲದಿಂದ ನೂಲು ತೆಗೆಯತೊಡಗಿದ ಗಿರಣಿಗೆ ಆಳುಗಳು ಬೇಕಿದ್ದರು. ಅಲೆಮಾರಿಗಳನ್ನು ಒಂದೆಡೆ ನಿಲ್ಲಿಸಬೇಕಿದ್ದ ಸರ್ಕಾರಕ್ಕೆ ಅವರಿಗೆ ಕೆಲಸ ತೋರಿಸಬೇಕಿತ್ತು. ಎರಡೂ ಕಡೆಯ ಗರಜು ಕೂಡಿಬಂತು. ಸುಧಾರಣೆ ಎಂಬ ಹೆಸರಿನಲ್ಲಿ ಅಗ್ಗದ ದುಡಿಮೆ ಒದಗಿಸಿದ ಈ ಏರ್ಪಾಡನ್ನು ಆ ಕಾಲದ ವರದಿಗಳು ಹೊಗಳಿಯೇ ಬರೆದವು. ಬೇಲಿಯೊಳಗಿದ್ದವರು ಬರೆದ ವರದಿ ಮಾತ್ರ ಇಲ್ಲ.

ಮುಂಬಯಿ ಪ್ರಾಂತದಲ್ಲಿ 1949ರಲ್ಲಿ, ದೇಶಕ್ಕೆಲ್ಲ 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು. ಬೇಲಿ ಹೋಯಿತು, ಬೇಲಿಯೊಳಗಿನ ನೆಲದ ಹಕ್ಕು ಎಲ್ಲರಿಗೂ ಬರಲಿಲ್ಲ. ಮತ್ತೆ ಹಾದಿ ಹಿಡಿದವರಿಗೆ ಊರ ಹೊರಗಿನ ಗೈರಾಣವೇ ಗತಿಯಾಯಿತು. ಒಂದು ತಲೆಮಾರನ್ನು ತಿರುಗಬೇಡಿರೆಂದು ಹಿಡಿದು ನಿಲ್ಲಿಸಿದ ಆಡಳಿತ, ಮುಂದಿನ ತಲೆಮಾರು ನಿಂತಲ್ಲಿಂದ ಎಬ್ಬಿಸುವ ಆಡಳಿತವಾಯಿತು. ತೆರವಿನ ಚರ್ಚೆಯಲ್ಲಿ ಇದನ್ನು ಯಾರೂ ನೆನೆಯುವುದಿಲ್ಲ.

ಹೊಳೆ ಎಬ್ಬಿಸಿದವರು

ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳಲ್ಲಿ ಜನರನ್ನು ಬಯಲಿಗೆ ತಂದದ್ದು ಜೆಸಿಬಿಗಿಂತ ಹೆಚ್ಚಾಗಿ ನೀರು. ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಬಳಿ ಘಟಪ್ರಭೆಗೆ ಕಟ್ಟಿದ ಅಣೆಕಟ್ಟು ಹಳ್ಳಿಗಳನ್ನು ನುಂಗಿತು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಹುನ್ನೂರಿನ ವಿಠ್ಠಲನ ಗುಡಿ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ಗುಡಿಯ ಸುತ್ತ ಇದ್ದ ಮನೆಗಳ ಗುರುತು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ, ಮಾರ್ಕಂಡೇಯ ಎರಡೂ ಉಕ್ಕಿ ಗೋಕಾಕ ಪಟ್ಟಣಕ್ಕೆ ನುಗ್ಗಿದವು. ಲೋಳಸೂರ ಸೇತುವೆ ಮುಳುಗಿತು. ಹಳೆ ದನದ ಪೇಟೆ, ಕುಂಬಾರ ಓಣಿ, ಉಪ್ಪಾರ ಓಣಿಗಳ ಮಣ್ಣಿನ ಗೋಡೆಗಳು ನೀರು ಇಳಿದ ಮೇಲೆ ಕುಸಿದವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಘೋಷಿಸಿತು. ಮನೆ ಕಟ್ಟುವವರೆಗೆ ತಾತ್ಕಾಲಿಕ ಶೆಡ್ಡಿಗೆ 50 ಸಾವಿರ, ಇಲ್ಲವೇ ತಿಂಗಳಿಗೆ 5 ಸಾವಿರದಂತೆ ಬಾಡಿಗೆ. ಮೊತ್ತ ಸಣ್ಣದೇನಲ್ಲ, ಹಿಂದಿನ ನೆರೆಗಳಿಗೆ ಹೋಲಿಸಿದರೆ ಉದಾರವೇ. ಆದರೆ ಪರಿಹಾರ ಹರಿದದ್ದು ಉತಾರದ ಹೆಸರಿನ ಮೇಲೆ. ಬಾಡಿಗೆಗಿದ್ದವರು, ಅಣ್ಣತಮ್ಮಂದಿರ ನಡುವೆ ಪಾಲಾಗದ ಮನೆಯಲ್ಲಿದ್ದವರು, ಹೊಳೆದಂಡೆಯಲ್ಲಿ ಕಾಗದವಿಲ್ಲದೆ ಕಟ್ಟಿಕೊಂಡವರು ಈ ಸಾಲಿನ ಕೊನೆಯಲ್ಲಿ ನಿಂತರು. ನೆರೆಯಲ್ಲಿ ಎದ್ದು ಬಂದವರನ್ನು ಇರಿಸುವ ಕಾಳಜಿ ಕೇಂದ್ರವೆಂದರೆ ಸಾಮಾನ್ಯವಾಗಿ ಒಂದು ಸರ್ಕಾರಿ ಶಾಲೆ. ಶಾಲೆ ತೆರೆಯುವ ದಿನ ಅದು ಖಾಲಿಯಾಗಲೇಬೇಕು. ಅಲ್ಲಿಂದ ಎದ್ದವರಿಗೆ ಹೋಗಲು ಜಾಗವಿಲ್ಲದಿದ್ದರೆ ಅದೂ ಒಂದು ತೆರವೇ. ಪೊಲೀಸರಿಲ್ಲದೆ, ಗದ್ದಲವಿಲ್ಲದೆ ನಡೆಯುತ್ತದೆ ಅಷ್ಟೇ.

ಇದೇ ಸೀಮೆಯಲ್ಲಿ ಯಾರೂ ತೆರವು ಮಾಡದ ಜೋಪಡಿಗಳೂ ಇವೆ. ದೀಪಾವಳಿ ಆಸುಪಾಸಿನಲ್ಲಿ ಸಕ್ಕರೆ ಕಾರ್ಖಾನೆಗಳು ಶುರುವಾದವೆಂದರೆ ಮಹಾರಾಷ್ಟ್ರದ ಬೀಡ ಕಡೆಯಿಂದ, ನಮ್ಮದೇ ವಿಜಯಪುರ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ. ಮುಕಾದಮನಿಂದ ಮುಂಗಡ ಪಡೆದ ಗಂಡಹೆಂಡತಿ, ಜತೆಗೆ ಮಕ್ಕಳು, ಎತ್ತಿದ್ದರೆ ಎತ್ತು. ಹೊಲದ ಬದುವಿನಲ್ಲಿ, ಕಾರ್ಖಾನೆಯ ಹತ್ತಿರದ ಬಯಲಿನಲ್ಲಿ ಕಬ್ಬಿನ ಸೋಗೆ, ತಾಡಪತ್ರಿಯ ಗುಡಿಸಲು ಏಳುತ್ತವೆ. ನಲ್ಲಿ ಇಲ್ಲ, ಸಂಡಾಸು ಇಲ್ಲ, ಬೆಳಕಿಲ್ಲ. ಹಂಗಾಮು ಮುಗಿಯುವವರೆಗೆ ಅವುಗಳ ಬಗ್ಗೆ ಒತ್ತುವರಿ ಎಂಬ ಮಾತು ಏಳುವುದಿಲ್ಲ. ಮಾರ್ಚ್ ಹೊತ್ತಿಗೆ ಅವರೇ ಕಿತ್ತುಕೊಂಡು ಹೋಗುತ್ತಾರೆ. ಗುಡಿಸಲು ನ್ಯೂಸೆನ್ಸ್ ಆಗುವುದು ಅದರಲ್ಲಿರುವವರ ದುಡಿಮೆ ಆ ಊರಿಗೆ ಸಾಕೆನಿಸಿದಾಗ ಎಂಬುದಕ್ಕೆ ಇದಕ್ಕಿಂತ ಸರಳ ಸಾಕ್ಷಿ ಬೇಕಿಲ್ಲ.

ಬೆಂಗಳೂರು: ಎರಡು ಜನವರಿಗಳು

ಉತ್ತರದ ಜಿಲ್ಲೆಗಳಿಂದ ಗುಳೆ ಹೋದವರ ಶೆಡ್ಡುಗಳು ಬೆಂಗಳೂರಿನ ಹೊರವಲಯದಲ್ಲಿ ಸಾಲುಗಟ್ಟಿವೆ. ರಾಜಧಾನಿಯ ತೆರವಿನ ಇತಿಹಾಸದಲ್ಲಿ ಎರಡು ಜನವರಿಗಳನ್ನು ಬಿಡಿಸಿ ನೋಡುವುದು ಅಗತ್ಯ.

ಮೊದಲನೆಯದು 2013ರದು. ಕೋರಮಂಗಲದ ಈಜಿಪುರದಲ್ಲಿ ಪಾಲಿಕೆಯೇ ಬಡವರಿಗಾಗಿ ಕಟ್ಟಿಸಿದ್ದ ವಸತಿಗೃಹಗಳು ಕಳಪೆ ಕೆಲಸದಿಂದ ಶಿಥಿಲವಾಗಿ, 2007ರಲ್ಲಿ ಒಂದು ಬ್ಲಾಕು ಕುಸಿದಿತ್ತು. ಉಳಿದವನ್ನೂ ಕೆಡವಿ ಖಾಸಗಿ ಸಹಭಾಗಿತ್ವದಲ್ಲಿ ಮಾಲ್ ಮತ್ತು ವಸತಿ ಕಟ್ಟುವ ಯೋಜನೆ ಬಂತು. ಅಷ್ಟರಲ್ಲಿ ಜನ ಅಲ್ಲಿಯೇ ತಗಡಿನ ಶೆಡ್ಡುಗಳಲ್ಲಿ ಇದ್ದರು. ಜನವರಿ 18ರಿಂದ ನಾಲ್ಕು ದಿನ ಪೊಲೀಸ್ ಬಂದೋಬಸ್ತಿನಲ್ಲಿ ಎಲ್ಲವೂ ನೆಲಸಮವಾಯಿತು. ಬೀದಿಗೆ ಬಿದ್ದವರು ಐದು ಸಾವಿರದಷ್ಟು ಜನ, ಬಹುಪಾಲು ದಲಿತರು ಮತ್ತು ಅಲ್ಪಸಂಖ್ಯಾತರು, ಸುತ್ತಲಿನ ಮನೆಗಳಲ್ಲಿ ಕೆಲಸ ಮಾಡುತ್ತಿದ್ದ ಹೆಂಗಸರು, ಪೌರಕಾರ್ಮಿಕರು. ಪರ್ಯಾಯ ಜಾಗ ಸಿಗುವುದು ಊರ ಹೊರಗೆ, ಕೆಲಸ ಇರುವುದು ಕೋರಮಂಗಲದಲ್ಲಿ. ಹಾಗಾಗಿ ಹಲವು ಕುಟುಂಬಗಳು ಕೆಡವಿದ ಜಾಗದ ಗೋಡೆಗೆ ಒರಗಿಸಿ ಫುಟ್‌ಪಾತ್ ಮೇಲೆ ಪ್ಲಾಸ್ಟಿಕ್ ಹೊದಿಸಿಕೊಂಡು ವರ್ಷಗಟ್ಟಲೆ ಉಳಿದವು. ತೆರವಿನ ಉದ್ದೇಶ ಗುಡಿಸಲುಗಳನ್ನು ಇಲ್ಲವಾಗಿಸುವುದಾಗಿದ್ದರೆ ಈಜಿಪುರದಲ್ಲಿ ಅವು ಗೋಡೆಯ ಒಳಗಿನಿಂದ ಹೊರಕ್ಕೆ ಬಂದವು, ಅಷ್ಟೇ.

ಎರಡನೆಯದು 2020ರದು. ಬೆಳ್ಳಂದೂರು ಬಳಿಯ ಕರಿಯಮ್ಮನ ಅಗ್ರಹಾರದಲ್ಲಿ ಅಕ್ರಮ ಬಾಂಗ್ಲಾದೇಶಿಗಳಿದ್ದಾರೆಂಬ ವಿಡಿಯೊ ಹರಿದಾಡಿತು. ಪೊಲೀಸರು ಜಾಗದ ಮಾಲೀಕರಿಗೆ ನೋಟಿಸು ಕೊಟ್ಟರು, ನೀರು ವಿದ್ಯುತ್ ನಿಂತಿತು, ವಾರದೊಳಗೆ ಶೆಡ್ಡುಗಳು ಉರುಳಿದವು. ಅಲ್ಲಿದ್ದವರಲ್ಲಿ ಉತ್ತರ ಕರ್ನಾಟಕದವರೂ ಇದ್ದರು, ತ್ರಿಪುರ ಅಸ್ಸಾಮಿನವರೂ ಇದ್ದರು. ಕನ್ನಡ ಮಾತಾಡುವ ಕೂಲಿಯವರು ತಮ್ಮದೇ ರಾಜಧಾನಿಯಲ್ಲಿ ಆಧಾರ್ ಕಾರ್ಡು, ಮತದಾರರ ಚೀಟಿ ಎತ್ತಿ ಹಿಡಿದು ವರದಿಗಾರರಿಗೆ ತೋರಿಸಬೇಕಾಯಿತು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹಾಕಿದ ಅರ್ಜಿಯ ಮೇಲೆ ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾ ನೇತೃತ್ವದ ಹೈಕೋರ್ಟ್ ಪೀಠ ತೆರವಿಗೆ ತಡೆ ಕೊಟ್ಟಿತು, ಹೀಗೆ ಎಬ್ಬಿಸುವ ಅಧಿಕಾರ ಪೊಲೀಸರಿಗೆ ಎಲ್ಲಿಂದ ಬಂತೆಂದು ಕೇಳಿತು, ಪುನರ್ವಸತಿಯ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸಿತು. ಎರಡು ತಿಂಗಳಲ್ಲಿ ಲಾಕ್‌ಡೌನ್ ಬಂತು. ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ಕೂಲಿಯವರು ಊರಿಗೆ ಹೋಗಿದ್ದಾಗ ಕಾಚರಕನಹಳ್ಳಿಯಲ್ಲಿದ್ದ ಅವರ ಗುಡಿಸಲುಗಳಿಗೆ ಬೆಂಕಿ ಬಿತ್ತು. ಅವನ್ನು ಮತ್ತೆ ಕಟ್ಟಿಕೊಡುವಂತೆ ಹೈಕೋರ್ಟ್ ಸರ್ಕಾರಕ್ಕೆ ಹೇಳಿತು. ಗುಡಿಸಲನ್ನು ಮರಳಿ ಕಟ್ಟಿಕೊಡಿ ಎಂಬ ಆದೇಶ ನಮ್ಮ ನ್ಯಾಯಾಲಯಗಳಲ್ಲಿ ಅಪರೂಪ.

ರಾಜಧಾನಿಯ ಹೊರಗೆ ಹೆಚ್ಚು ಸುದ್ದಿಯಾದದ್ದು ಕೊಡಗಿನ ದಿಡ್ಡಳ್ಳಿ. ಕಾಫಿ ತೋಟಗಳ ಲೈನ್‌ಮನೆಗಳಿಂದ ಹೊರಬಂದು ಕಾಡಂಚಿನಲ್ಲಿ ಗುಡಿಸಲು ಹಾಕಿಕೊಂಡಿದ್ದ 577 ಆದಿವಾಸಿ ಕುಟುಂಬಗಳನ್ನು 2016ರ ಡಿಸೆಂಬರ್ 7ರಂದು ಅರಣ್ಯ ಇಲಾಖೆ ಎಬ್ಬಿಸಿತು. ಚಳಿಗಾಲ, ಮರದ ಕೆಳಗಿನ ವಾಸ. ಅವರು ಅಲ್ಲಿಂದ ಕದಲದೆ ಹೋರಾಡಿದ್ದರಿಂದಲೇ ಬಸವನಹಳ್ಳಿ, ಬ್ಯಾಡಗೊಟ್ಟಗಳಲ್ಲಿ ಪುನರ್ವಸತಿ ಸಿಕ್ಕಿತು. ಬೆಂಗಳೂರಿನ ಯಲಹಂಕ ಬಳಿಯ ಕೋಗಿಲು ಬಡಾವಣೆಯಲ್ಲಿ 2025ರ ಡಿಸೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಮನೆಗಳು ಉರುಳಿದಾಗಲೂ ಪರ್ಯಾಯ ವಸತಿಯ ಮಾತು ಬಂದದ್ದು ಮನೆ ಬಿದ್ದು, ವಿವಾದ ನೆರೆರಾಜ್ಯಕ್ಕೂ ಹಬ್ಬಿದ ಮೇಲೆ.

ಏನು ಹೋಗುತ್ತದೆ

ಜೆಸಿಬಿಗೆ ಒಂದು ಜೋಪಡಿ ಐದು ನಿಮಿಷದ ಕೆಲಸ. ಒಳಗಿದ್ದವರು ಮೊದಲು ಗ್ಯಾಸ್ ಸಿಲಿಂಡರ್, ಟ್ರಂಕು, ಕೌದಿ, ಕೊಡ ಎಳೆದು ಹೊರಹಾಕುತ್ತಾರೆ. ಕಾಗದಪತ್ರ ಇರುವುದು ಗಳಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ, ಇಲಿ ಮುಟ್ಟದಿರಲಿ, ಸೋರಿದ ನೀರು ತಾಕದಿರಲಿ ಎಂದು ಎತ್ತರದಲ್ಲಿ. ಸೂರು ಮೊದಲು ಬೀಳುವುದರಿಂದ ಆ ಚೀಲವೂ ಮೊದಲು ಹೋಗುತ್ತದೆ. ಬೆಳಿಗ್ಗೆ ಎಂಟೊಂಬತ್ತಕ್ಕೆ ಕಾರ್ಯಾಚರಣೆ ಶುರುವಾದರೆ ಗಂಡಹೆಂಡತಿ ಕೆಲಸಕ್ಕೆ ಹೋಗಿಯಾಗಿರುತ್ತದೆ. ಮನೆಯಲ್ಲಿ ಮುದುಕರು, ಮಕ್ಕಳು. ಚೀಲದ ನೆನಪಾಗುವುದು ಸಂಜೆ.

ತಗಡು, ತಾಡಪತ್ರಿ ಮತ್ತೆ ಕೊಳ್ಳಬಹುದು. ಆ ಚೀಲ ಹೋದರೆ ಆಗುವ ನಷ್ಟ ಬೇರೆ ತರದ್ದು. ಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಮುಗಳ ಅಡಿ ಸರ್ಕಾರಿ ಜಾಗದ ವಾಸದ ಮನೆಯನ್ನು ಸಕ್ರಮ ಮಾಡಿಸಿಕೊಳ್ಳಲು ಅವಕಾಶವಿದೆ, ಮೊದಲನೆಯದು ಹಳ್ಳಿಗೆ, ಎರಡನೆಯದು ಪಟ್ಟಣಕ್ಕೆ. ಅದಕ್ಕೆ ಗೊತ್ತುಪಡಿಸಿದ ದಿನಕ್ಕಿಂತ ಮುಂಚಿನಿಂದ ಅಲ್ಲಿಯೇ ಇದ್ದೇವೆಂದು ತೋರಿಸಬೇಕು. ತೋರಿಸುವುದು ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮತದಾರರ ಪಟ್ಟಿಯ ಪ್ರತಿಯಿಂದ. ಪುನರ್ವಸತಿಯ ಪಟ್ಟಿಗೆ ಹೆಸರು ಸೇರಲೂ ಇವೇ ಬೇಕು. ಹೀಗೆ ಪ್ರತಿ ತೆರವು ಮುಂದಿನ ಹಕ್ಕಿನ ಬೇರನ್ನೇ ಕೀಳುತ್ತದೆ: ಎಬ್ಬಿಸಿದವನ ವಾಸದ ಕಾಲ ಮತ್ತೆ ಸೊನ್ನೆಯಿಂದ ಎಣಿಸಬೇಕು. ನನ್ನ ದೃಷ್ಟಿಯಲ್ಲಿ ತೆರವಿನ ಅತಿ ದೊಡ್ಡ ಹಾನಿ ಇದು, ಯಾವ ಪಂಚನಾಮೆಯಲ್ಲೂ ಬರೆಯದೇ ಉಳಿಯುವುದು.

ಮೈಗೆ ತಟ್ಟುವ ಪೆಟ್ಟು ನಿಧಾನದ್ದು. ಕ್ಷಯಕ್ಕೆ ಆರು ತಿಂಗಳು ಬಿಡದೆ ಮಾತ್ರೆ ನುಂಗಬೇಕು, ಆಶಾ ಕಾರ್ಯಕರ್ತೆ ಮನೆ ಹುಡುಕಿ ಬರಬೇಕು. ಮನೆಯೇ ಇಲ್ಲದಾಗ ಎಣಿಕೆ ತಪ್ಪುತ್ತದೆ, ತಪ್ಪಿದ ಚಿಕಿತ್ಸೆ ಔಷಧಕ್ಕೆ ಬಗ್ಗದ ಕ್ಷಯಕ್ಕೆ ದಾರಿ. ಬಸುರಿಯ ತಾಯಿ ಕಾರ್ಡು, ಮಗುವಿನ ಲಸಿಕೆ ಹಳೆ ಅಂಗನವಾಡಿಯ ಪುಸ್ತಕದಲ್ಲೇ ಉಳಿಯುತ್ತವೆ. ಶಿಕ್ಷಣ ಹಕ್ಕು ಕಾಯ್ದೆಯ ನಿಯಮ ಒಂದು ಕಿಲೋಮೀಟರಿನೊಳಗೆ ಪ್ರಾಥಮಿಕ ಶಾಲೆ ಇರಬೇಕೆನ್ನುತ್ತದೆ. ಆ ಕಿಲೋಮೀಟರನ್ನು ಎಲ್ಲಿಂದ ಅಳೆಯುವುದು? ಹೆಂಗಸರಿಗೆ ಕತ್ತಲಾದ ಮೇಲೆ ಬಹಿರ್ದೆಸೆ, ಬೆಳಗಾಗುವ ಮೊದಲು ಸ್ನಾನ, ನಡುವೆ ಕಣ್ಣು ಮುಚ್ಚಲಾಗದ ಕಾವಲು. ದಿಲ್ಲಿಯ ಯಮುನಾ ಪುಷ್ತಾದಿಂದ 2004ರಲ್ಲಿ ಎಬ್ಬಿಸಿ ಬವಾನಾಕ್ಕೆ ಸಾಗಿಸಿದವರನ್ನು ಕುರಿತು ಕಲ್ಯಾಣಿ ಮೆನನ್-ಸೇನ್ ಮತ್ತು ಗೌತಮ್ ಭಾನ್ 2008ರಲ್ಲಿ ಪ್ರಕಟಿಸಿದ ಅಧ್ಯಯನ, ಪುನರ್ವಸತಿ ಸಿಕ್ಕ ಮೇಲೂ ಕುಟುಂಬಗಳು ಹೇಗೆ ಮೊದಲಿಗಿಂತ ಬಡವಾದವೆಂದು ತೋರಿಸಿತು. ಅಮೆರಿಕದ 23 ನಗರಗಳ ಮಾಹಿತಿಯಿಂದ 2023ರಲ್ಲಿ ಮಾಡಿದ ಒಂದು ಮಾದರಿ ಲೆಕ್ಕ ಇನ್ನೂ ಕಠೋರ: ಚುಚ್ಚುಮದ್ದಿನ ಚಟಕ್ಕೆ ಬಿದ್ದ ನಿರ್ವಸಿತರನ್ನು ಮತ್ತೆ ಮತ್ತೆ ಎಬ್ಬಿಸುತ್ತ ಹೋದರೆ, ಹತ್ತು ವರ್ಷದಲ್ಲಿ ಅವರ ನಡುವಿನ ಸಾವುಗಳಲ್ಲಿ ಶೇ 15ರಿಂದ 25ರಷ್ಟಕ್ಕೆ ಅದೇ ಕಾರಣವಾಗಬಹುದೆಂದು ಅದು ಅಂದಾಜಿಸಿತು.

ಎಬ್ಬಿಸಿ ಎಲ್ಲಿಗೆ ಒಯ್ಯುತ್ತಾರೆ ಎಂಬುದೂ ಮುಖ್ಯ. ಕರ್ನಾಟಕದ 1975ರ ಭಿಕ್ಷಾಟನೆ ನಿಷೇಧ ಕಾಯ್ದೆಯ ಅಡಿ ಬೀದಿಯಲ್ಲಿ ಹಿಡಿದವರನ್ನು ಇಡುವ ಕೇಂದ್ರ ಬೆಂಗಳೂರಿನ ಸುಮನಹಳ್ಳಿಯಲ್ಲಿದೆ. ಆಸ್ತಿ ತೆರಿಗೆಯ ಜತೆ ನಾವೆಲ್ಲ ಕಟ್ಟುವ ಶೇ 3ರ ಭಿಕ್ಷುಕರ ಕರ ಇಂಥ ಕೇಂದ್ರಗಳಿಗಾಗಿ. 2010ರ ಆಗಸ್ಟ್‌ನಲ್ಲಿ ಅಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೀದಿಯಲ್ಲಿ ಬದುಕಿದ್ದವರು ಆಶ್ರಯದಲ್ಲಿ ಸತ್ತದ್ದಕ್ಕೆ ರಾಜ್ಯ ಒಂದಿಷ್ಟು ದಿನ ನಾಚಿತು.

ನ್ಯಾಯಾಲಯ ಕೊಟ್ಟದ್ದು, ಬಿಟ್ಟದ್ದು

1981ರ ಮಳೆಗಾಲದಲ್ಲಿ ಮುಂಬಯಿಯ ಫುಟ್‌ಪಾತ್ ವಾಸಿಗಳನ್ನು ಬಸ್ಸಿಗೆ ಹತ್ತಿಸಿ ಊರಿಗೆ ಕಳಿಸುವುದಾಗಿ ಮುಖ್ಯಮಂತ್ರಿ ಎ. ಆರ್. ಅಂತುಲೆ ಘೋಷಿಸಿದರು. ಪತ್ರಕರ್ತೆ ಓಲ್ಗಾ ಟೆಲ್ಲಿಸ್ ಮತ್ತಿತರರ ಅರ್ಜಿಗಳ ಮೇಲೆ 1985ರ ಜುಲೈನಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪು, ಜೀವನೋಪಾಯದ ಹಕ್ಕು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದಿತು. ಎಲ್ಲ ಕಾನೂನು ತರಗತಿಗಳಲ್ಲೂ ಈ ಸಾಲು ಕೇಳಿಬರುತ್ತದೆ. ನೋಟಿಸು ಕೊಟ್ಟು, ಮಳೆಗಾಲ ಕಳೆದು, ಅಕ್ಟೋಬರ್ 31ರ ನಂತರ ಎಬ್ಬಿಸಬಹುದೆಂದೂ ಅದೇ ತೀರ್ಪು ಹೇಳಿತೆಂಬುದು ಅಷ್ಟಾಗಿ ಕೇಳಿಬರುವುದಿಲ್ಲ. ದಕ್ಷಿಣ ಆಫ್ರಿಕದ ಸಂವಿಧಾನ ನ್ಯಾಯಾಲಯ 2000ದಲ್ಲಿ ವಸತಿ ಹಕ್ಕಿನ ಬಗ್ಗೆ ಜಗತ್ತೇ ಮೆಚ್ಚಿದ ತೀರ್ಪು ಕೊಟ್ಟಿತು. ಆ ಮೊಕದ್ದಮೆಗೆ ಹೆಸರು ಕೊಟ್ಟ ಐರೀನ್ ಗ್ರೂಟ್‌ಬೂಮ್ 2008ರಲ್ಲಿ ತೀರಿಕೊಂಡಾಗಲೂ ತಗಡಿನ ಶೆಡ್ಡಿನಲ್ಲೇ ಇದ್ದರು.

2009ರ ಡಿಸೆಂಬರ್ ಚಳಿಯಲ್ಲಿ ದಿಲ್ಲಿಯ ಪೂಸಾ ರಸ್ತೆಯ ತಾತ್ಕಾಲಿಕ ರಾತ್ರಿ ತಂಗುದಾಣವನ್ನು ಪಾಲಿಕೆ ಕಿತ್ತುಹಾಕಿದ್ದು ಸುಪ್ರೀಂ ಕೋರ್ಟ್ ತನಕ ಹೋಗಿ, ಲಕ್ಷ ಜನಸಂಖ್ಯೆಗೆ ಒಂದರಂತೆ ದೊಡ್ಡ ನಗರಗಳಲ್ಲಿ ತಂಗುದಾಣ ಬೇಕೆಂಬ ಆದೇಶ ಬಂತು. ಈ ಅಳತೆಯಲ್ಲಿ, 2011ರ ಗಣತಿಯಂತೆ ಲಕ್ಷದೊಳಗಿನ ಗೋಕಾಕದಂಥ ಊರುಗಳು ಹೊರಗೇ ಉಳಿದವು. 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪು ಹದಿನೈದು ದಿನದ ನೋಟಿಸು, ಮೇಲ್ಮನವಿಗೆ ಅವಕಾಶ, ನಿಯಮ ಮುರಿದ ಅಧಿಕಾರಿಯ ವೈಯಕ್ತಿಕ ಹೊಣೆ ಇವನ್ನೆಲ್ಲ ಕಟ್ಟುನಿಟ್ಟು ಮಾಡಿತು. ಆದರೆ ರಸ್ತೆ, ಫುಟ್‌ಪಾತ್, ರೈಲುಹಳಿಯ ಪಕ್ಕ, ನದಿ ಕೆರೆಗಳ ಜಾಗದಲ್ಲಿನ ಅನಧಿಕೃತ ಕಟ್ಟಡಗಳಿಗೆ ಈ ರಕ್ಷಣೆ ಅನ್ವಯಿಸದು ಎಂದಿತು. ಜೋಪಡಿಗಳಿರುವುದೇ ಅಲ್ಲಿ. ಅಮೆರಿಕದ ಸುಪ್ರೀಂ ಕೋರ್ಟ್ ಅದೇ ವರ್ಷದ ಜೂನ್‌ನಲ್ಲಿ, ಗ್ರ್ಯಾಂಟ್ಸ್ ಪಾಸ್ ಪ್ರಕರಣದಲ್ಲಿ, ಮಲಗಲು ಬೇರೆ ಜಾಗವಿಲ್ಲದವರಿಗೂ ಸಾರ್ವಜನಿಕ ಜಾಗದಲ್ಲಿ ಬಿಡಾರ ಹೂಡಿದ್ದಕ್ಕೆ ದಂಡ ಹಾಕಬಹುದೆಂದಿತು.

ತೆರವೇ ಮಾಡಬಾರದೆಂಬುದು ಇಲ್ಲಿನ ವಾದವಲ್ಲ. ಹೊಳೆಯ ಪಾತ್ರದಲ್ಲಿ, ಹೈಟೆನ್ಷನ್ ತಂತಿಯ ಕೆಳಗೆ ಮಕ್ಕಳನ್ನು ಮಲಗಿಸಲು ಬಿಡುವುದೂ ಕರುಣೆಯಲ್ಲ. 2007ರಲ್ಲಿ ವಿಶ್ವಸಂಸ್ಥೆಯ ವಿಶೇಷ ವರದಿಗಾರ ಮಿಲೂನ್ ಕೊಠಾರಿ ಮುಂದಿಟ್ಟ ಮಾರ್ಗಸೂಚಿ ಹೇಳುವ ಮಾತುಗಳಲ್ಲಿ ಇವೂ ಇವೆ: ರಾತ್ರಿ ಹೊತ್ತು ಬೇಡ, ಮಳೆಚಳಿಯಲ್ಲಿ ಬೇಡ, ಹಬ್ಬದ ದಿನ, ಮಕ್ಕಳ ಪರೀಕ್ಷೆಯ ಮುಂದೆ ಬೇಡ. ಈಜಿಪುರ, ಕರಿಯಮ್ಮನ ಅಗ್ರಹಾರ, ದಿಡ್ಡಳ್ಳಿ, ಕೋಗಿಲು ನಾಲ್ಕೂ ಡಿಸೆಂಬರ್ ಜನವರಿಯ ಚಳಿಯಲ್ಲಿ ನಡೆದವು. ಹೌಸಿಂಗ್ ಅಂಡ್ ಲ್ಯಾಂಡ್ ರೈಟ್ಸ್ ನೆಟ್‌ವರ್ಕ್ ಲೆಕ್ಕದಂತೆ 2022 ಮತ್ತು 2023ರಲ್ಲಿ ದೇಶದಲ್ಲಿ ಎಬ್ಬಿಸಲ್ಪಟ್ಟವರು 7.38 ಲಕ್ಷಕ್ಕೂ ಹೆಚ್ಚು. ಈ ಲೆಕ್ಕ ಇಟ್ಟದ್ದು ಒಂದು ಖಾಸಗಿ ಸಂಸ್ಥೆ.

ಕರ್ನಾಟಕದಲ್ಲಿ ಬೇರೆ ದಾರಿಯೂ ತೆರೆದಿದೆ. ತಾಂಡಾ, ಹಟ್ಟಿ, ದೊಡ್ಡಿಗಳನ್ನು ಕಂದಾಯ ಗ್ರಾಮ ಮಾಡುವ ಕಾನೂನು ತಿದ್ದುಪಡಿಯ ಫಲವಾಗಿ 2023ರ ಜನವರಿಯಲ್ಲಿ ಮಳಖೇಡದಲ್ಲಿ ಐದು ಜಿಲ್ಲೆಗಳ ಸುಮಾರು ಐವತ್ತು ಸಾವಿರ ಕುಟುಂಬಗಳಿಗೆ, 2025ರ ಮೇ 20ರಂದು ಹೊಸಪೇಟೆಯಲ್ಲಿ 1,11,111 ಕುಟುಂಬಗಳಿಗೆ ಹಕ್ಕುಪತ್ರ ಕೊಡಲಾಯಿತು. ದಶಕಗಟ್ಟಲೆ ದಾಖಲೆಯಿಲ್ಲದೆ ಇದ್ದವರಿಗೆ ಎಬ್ಬಿಸದೆಯೇ ನೆಲ ಸಿಗಬಹುದೆಂದು ಇದು ತೋರಿಸಿತು. ನಿಂತ ಮನೆ, ಹಳೆಯ ವಾಸ ಈ ಹಕ್ಕುಪತ್ರಕ್ಕೆ ಆಧಾರ. ಹಂಗಾಮಿಗೊಮ್ಮೆ ಕಟ್ಟುವ ಕಬ್ಬಿನ ಸೋಗೆಯ ಗುಡಿಸಲು, ಜಾತ್ರೆಯಿಂದ ಜಾತ್ರೆಗೆ ಸಾಗುವ ಡೊಂಬರ ಟೆಂಟು, ವರ್ಷಕ್ಕೆರಡು ಸಲ ಎಬ್ಬಿಸಿಕೊಳ್ಳುವ ಬೆಂಗಳೂರಿನ ಶೆಡ್ಡು ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ.